ಎರಡು ಆತ್ಮಚಿತ್ರಗಳು: ಕೋಟ ಶಿವರಾಮ ಕಾರಂತರು

ಚಿತ್ರಕಾರರು ದರ್ಪಣದ ಮುಂದೆ ಕುಳಿತು ತಮ್ಮ ಮುಖವನ್ನು ತಾವೇ ಬರೆದುಕೊಳ್ಳುವುದುಂಟು. ಹಾಲೆಂಡಿನ ರೆಂಬ್ರಾಂಟನು (1606–1669) ತಾರುಣ್ಯದಿಂದ ಮರಣದ ವರ್ಷದವರೆಗೂ ಹೀಗೆ ಬರೆದುಕೊಂಡನು. ಆ ಚಿತ್ರಗಳನ್ನು ಸಾಲಾಗಿರಿಸಿದರೆ ಒಂದು ಬಾಳೇ ಕಣ್ಣೆದುರು ಸಾಗುತ್ತದೆ. ಕುಂಚದ ಬದಲು ಲೇಖನಿಯನ್ನು ಹಿಡಿದು ಇಂತಹ ಕಾರ್ಯವನ್ನು ಎರಡು ಬಾರಿ ಕೈಗೊಂಡ ಕನ್ನಡದ ಧೀಮಂತರು ಕೋಟ ಶಿವರಾಮ ಕಾರಂತರು.

1902ರ ಅಕ್ಟೋಬರ್ 10ರಂದು ಕೋಟದಲ್ಲಿ ಜನಿಸಿದ ಕಾರಂತರು ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದರು. ಖಾದಿ ಪ್ರಚಾರ, ಪತ್ರಿಕೆ, ನಾಟಕ, ಮೂಕಚಿತ್ರ ಹೀಗೆ ಒಂದರಿಂದೊಂದಕ್ಕೆ ಅವರ ಮನಸ್ಸು ಹಾರಿತು. ಕೈಸುಟ್ಟುಕೊಂಡ ಪ್ರಸಂಗಗಳೂ ಕಡಿಮೆಯಲ್ಲ. ಆದರೂ ಹೊಸತಕ್ಕೆ ಕೈಹಾಕುವುದನ್ನು ಅವರು ಬಿಡಲಿಲ್ಲ.

ಈ ಅಲೆದಾಟಕ್ಕೆ ನೆಲೆಯಾದುದು ಪುತ್ತೂರು. ಅಲ್ಲಿಯ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳು ನಡೆದವು. 1936ರಲ್ಲಿ ಜಾತಿಯ ಕಟ್ಟನ್ನು ಮೀರಿ ಲೀಲಾ ಅವರ ಕೈಹಿಡಿದರು. ‘ಚೋಮನ ದುಡಿ’ಯಲ್ಲಿ ಉಳಲು ತುಂಡು ಭೂಮಿಯಿಲ್ಲದ ದಲಿತನ ಸಂಕಟವನ್ನು ಕಂಡರಿಸಿದರು. ಇಂದು ಕಡಬ ತಾಲೂಕಿಗೆ ಸೇರಿದ ಸುಬ್ರಹ್ಮಣ್ಯದ ಸುತ್ತಣ ಕಾಡುಬೆಟ್ಟಗಳಾದರೋ 1943ರ ‘ಬೆಟ್ಟದ ಜೀವ’ ಕಾದಂಬರಿಗೆ ಉಸಿರಾದವು. ಆ ಕಾಡಿನೊಳಗೆ ತೋಟ ಮಾಡಿ, ಮನೆಬಿಟ್ಟುಹೋದ ಮಗನ ದಾರಿ ಕಾಯುವ ವೃದ್ಧ ದಂಪತಿಗಳನ್ನು ಓದಿದವರು ಮರೆಯಲಾರರು.

1948ರಲ್ಲಿ, ನಲವತ್ತಾರರ ವಯಸ್ಸಿನಲ್ಲಿ, ಅವರ ಮೊದಲ ಆತ್ಮಕಥನ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಪ್ರಕಟವಾಯಿತು. ಆ ಹೆಸರಿನಲ್ಲಿಯೇ ನಿರ್ಭಿಡೆಯಿದೆ. ಸಾಮಾನ್ಯರು ಮುಚ್ಚಿಡುವ ಚಾಂಚಲ್ಯವನ್ನು ಅವರು ಗ್ರಂಥದ ಹಣೆಯ ಮೇಲೆಯೇ ಬರೆದರು.

ಅನಂತರದ ಮೂರು ದಶಕಗಳು ಬೆಳಕನ್ನೂ ಕತ್ತಲೆಯನ್ನೂ ತಂದವು. ಯಕ್ಷಗಾನದ ಅಧ್ಯಯನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಮನ್ನಣೆ ದೊರೆಯಿತು. ಹಿರಿಯ ಮಗನ ಅಕಾಲ ಮರಣವನ್ನು ಕಾಣಬೇಕಾಯಿತು. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. ‘ಮೂಕಜ್ಜಿಯ ಕನಸುಗಳು’ ಕೃತಿಗೆ 1977ರ ಜ್ಞಾನಪೀಠ ಪ್ರಶಸ್ತಿ ಸಂದಿತು. ಆ ದಶಕದ ಕೊನೆಯಲ್ಲಿ ‘ಸ್ಮೃತಿಪಟಲದಿಂದ’ ಎಂಬ ಎರಡನೆಯ ಆತ್ಮಕಥನವು ಸಂಪುಟಗಳಾಗಿ ಹೊರಬಂದಿತು.

ಎರಡು ಹೆಸರುಗಳನ್ನು ಒಟ್ಟಿಗಿರಿಸಿದರೆ ವಯಸ್ಸು ಮಾಡಿದ ಕೆಲಸ ಗೋಚರವಾಗುತ್ತದೆ. ಮೊದಲನೆಯದು ಮನಸ್ಸಿನ ಹೆಸರಿನದು; ಎರಡನೆಯದು ನೆನಪಿನ ಹೆಸರಿನದು. ಮೊದಲಿನದರಲ್ಲಿ ಓಡುವವನ ಮುಖ, ಎರಡನೆಯದರಲ್ಲಿ ನಿಂತು ಹಿಂದಿರುಗಿ ನೋಡುವವನ ಮುಖ. ಒಂದೇ ಬಾಳನ್ನು ಎರಡು ವಯಸ್ಸಿನ ಕಣ್ಣುಗಳು ನೋಡಿದುದರಿಂದ ಒಂದು ಚಿತ್ರ ಸುಳ್ಳಾಗಲಿಲ್ಲ, ಒಂದಕ್ಕೊಂದು ಪೂರಕವಾದವು.

ಹಾಗೆಂದು ವಾರ್ಧಕ್ಯವು ಹಳೆಯ ಮುಖವನ್ನು ಅಳಿಸಿತೆಂದು ತಿಳಿಯಬಾರದು. 1989ರಲ್ಲಿ, ಎಂಬತ್ತೇಳರ ಇಳಿವಯಸ್ಸಿನಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸುತ್ತ ಅವರು ಲೋಕಸಭಾ ಚುನಾವಣೆಗೆ ನಿಂತರು, ಸೋತರು. ಹುಚ್ಚು ಮನಸ್ಸೆಂದು ತಾವೇ ಕರೆದುಕೊಂಡುದು ಸ್ಮೃತಿಪಟಲದ ಹಿಂದೆ ಎಚ್ಚರವಾಗಿಯೇ ಇದ್ದಿತು. 1997ರ ಡಿಸೆಂಬರ್ 9ರಂದು ಅವರು ಕಣ್ಮುಚ್ಚಿದರು.

ಬಾಳಿನಲ್ಲಿ ಒಮ್ಮೆಯಾದರೂ ತನ್ನನ್ನು ತಾನು ನಿಷ್ಪಕ್ಷಪಾತವಾಗಿ ನೋಡಿಕೊಳ್ಳುವುದು ಕಷ್ಟ. ಮೂವತ್ತು ವರ್ಷಗಳ ಬಳಿಕ ಮತ್ತೊಮ್ಮೆ ನೋಡಿಕೊಳ್ಳುವುದು ಇನ್ನೂ ಕಷ್ಟ. ಕಾರಂತರು ಈ ಎರಡನ್ನೂ ಮಾಡಿದರು. ವಿದ್ಯಾರ್ಥಿಗಳು ಅವರಿಂದ ಕಲಿಯಬೇಕಾದ ಮೊದಲ ಪಾಠವಿದು.