ಕೋಲಾರದ ಆನ್‌ಸ್ಟೀ ಅಮ್ಮನವರ ಚರಿತ್ರೆ

ನಮ್ಮ ಸೀಮೆಯಲ್ಲಿ ತಂದೆತಾಯಿಗಳಿಲ್ಲದ ಮಕ್ಕಳಿಗೆ ತಾಯಿಯಾಗಿ ನಿಂತ ಮಿಸ್ ಲೂಯಿಸಾ ಆನ್‌ಸ್ಟೀ ಅಮ್ಮನವರ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ.

ಈ ಅಮ್ಮನವರು ಇಂಗ್ಲೆಂಡ್ ದೇಶದವರು. ಕರ್ತನ ಸೇವೆಗಾಗಿ ಸ್ವದೇಶವನ್ನು ಬಿಟ್ಟು ಮೈಸೂರು ಸೀಮೆಗೆ ಬಂದು, ಕೋಲಾರದಲ್ಲಿ ನೆಲೆಸಿದರು. ಆಮೇಲೆ ಬಂದದ್ದು ನಮ್ಮ ಹಿರಿಯರು ಧಾತು ಈಶ್ವರದ ಬರವೆಂದು ಕರೆಯುತ್ತಿದ್ದ ಮಹಾ ಕ್ಷಾಮ. 1876ರಲ್ಲಿ ಮಳೆ ಕೈಕೊಟ್ಟಿತು. ಕೆರೆಗಳೇ ಜೀವಾಳವಾಗಿದ್ದ ಈ ಸೀಮೆಯಲ್ಲಿ ಕೆರೆಗಳು ಬತ್ತಿದವು. ರಾಗಿಯ ಹೊಲಗಳು ಒಣಗಿಹೋದವು. ಮಾಲೂರಿನ ಮೇಲೆ ಹಾದುಹೋಗುವ ರೈಲುದಾರಿಯಿಂದ ಮದರಾಸಿನ ಧಾನ್ಯವು ಬಂದರೂ, ಬಂಡಿ ಎಳೆಯುವ ಎತ್ತುಗಳು ಸತ್ತುಹೋಗಿದ್ದುದರಿಂದ ಅದು ದೂರದ ಹಳ್ಳಿಗಳನ್ನು ಸೇರುವುದು ಕಷ್ಟವಾಯಿತು. ಜನರು ನೇಗಿಲನ್ನೂ ಪಾತ್ರೆಯನ್ನೂ ಮಾರಿದರು. ಕಡೆಗೆ ಮನೆಬಿಟ್ಟು ದಾರಿ ಹಿಡಿದರು. 1871ರ ಖಾನೇಷುಮಾರಿಯಲ್ಲಿ ಮೈಸೂರು ಸೀಮೆಯ ಜನಸಂಖ್ಯೆ 50 ಲಕ್ಷಕ್ಕೆ ಮೀರಿತ್ತು. 1881ರಲ್ಲಿ ಅದು 42 ಲಕ್ಷವೂ ಇರಲಿಲ್ಲ. ಇದರಿಂದಲೇ ಆ ಕಾಲದ ಸಂಕಟವನ್ನು ತಿಳಿದುಕೊಳ್ಳಬಹುದು.

ಇಂಥ ಕಾಲದಲ್ಲಿ ಹೆಚ್ಚಾಗಿ ಕೈಬಿಡಲ್ಪಟ್ಟವರು ಮಕ್ಕಳು. ಆನ್‌ಸ್ಟೀ ಅಮ್ಮನವರು 1877ರಲ್ಲಿ ಅನಾಥ ಮಕ್ಕಳಿಗೆ ತಮ್ಮ ಬಾಗಿಲನ್ನು ತೆರೆದರು. ಒಂದು ಸೊಸೈಟಿಯ ಹಣವು ಅವರ ಬೆನ್ನಿಗಿರಲಿಲ್ಲ. ಬ್ರಿಸ್ಟಲ್ ಪಟ್ಟಣದ ಜಾರ್ಜ್ ಮುಲ್ಲರ್ ಅಯ್ಯನವರ ಅನಾಥಶಾಲೆಯಂತೆಯೇ, ಈ ಮಿಷನ್ ಕೂಡ ವಿಶ್ವಾಸವನ್ನೂ ಪ್ರಾರ್ಥನೆಯನ್ನೂ ಆಧಾರಮಾಡಿಕೊಂಡು ನಡೆಯಿತು. ಚಾರೆಪ್ತದ ವಿಧವೆಯ ಹಿಟ್ಟಿನ ಮಡಿಕೆಯನ್ನು ಬಲ್ಲವರಿಗೆ ಇದು ಅರ್ಥವಾಗುವುದು. ಆದರೂ ನೂರಾರು ಬಾಯಿಗಳಿಗೆ ದಿನದಿನವೂ ಅನ್ನವನ್ನು ಒದಗಿಸುವುದು ಎಷ್ಟು ಭಾರವೆಂಬುದನ್ನು ಗೃಹಸ್ಥರೆಲ್ಲರೂ ಬಲ್ಲರು.

ಬರವು ತೀರಿತು, ಆದರೆ ಮಕ್ಕಳು ಉಳಿದರು. ಗಂಜಿಯನ್ನು ಕೊಟ್ಟು ಕಳುಹಿಸಿಬಿಡುವುದು ಸುಲಭ, ಬೆಳೆಸುವುದು ಕಷ್ಟ. ಅಮ್ಮನವರು ಅವರಿಗೆ ಓದುಬರಹವನ್ನೂ ದೇವರ ವಾಕ್ಯವನ್ನೂ ಕಲಿಸಿದರು. ಪ್ರಾಯಕ್ಕೆ ಬಂದವರು ಭೂಮಿ ಗೇಯ್ದು ತಮ್ಮ ಕೈಯಿಂದಲೇ ಬದುಕಬೇಕೆಂದು ಅವರಿಗೆ ನೆಲೆಯನ್ನು ಕಲ್ಪಿಸಿದರು.

ಗಂಜಿಗಾಗಿ ಮತ ಬಿಟ್ಟವರೆಂಬ ನಿಂದೆಯನ್ನು ಬರಗಾಲದ ಕ್ರೈಸ್ತರ ಸಂತತಿಯು ಎಲ್ಲೆಲ್ಲಿಯೂ ಕೇಳಿದೆ. ಸಹೋದರರೇ, ಅದಕ್ಕಾಗಿ ನಾಚಬೇಕಾಗಿಲ್ಲ. ಹಸಿದ ಕೂಸು ಯಾವ ಮತವನ್ನೂ ಆರಿಸಿಕೊಳ್ಳಲಿಲ್ಲ, ಅದು ಬದುಕಿತು ಅಷ್ಟೇ. ಬದುಕಿದವರು ಮುಂದೆ ಯಾರನ್ನು ಹಿಂಬಾಲಿಸಿದರೆಂಬುದನ್ನು ಅವರ ನಡತೆಯೇ ತೋರಿಸಬೇಕು. ನಿಂದೆಗೆ ಉತ್ತರವು ಬಾಯಲ್ಲಿಲ್ಲ, ಬಾಳಿನಲ್ಲಿದೆ.

ಕಾಲಕ್ರಮದಲ್ಲಿ ಈ ಹೊರೆಯು ಒಬ್ಬರ ಶಕ್ತಿಗೆ ಮೀರಿತು. ತಾವೇ ಕಟ್ಟಿದ ಮನೆಯನ್ನು ಪರರ ಕೈಗೆ ಕೊಡುವುದು ಯಾರಿಗೂ ಸುಲಭವಲ್ಲ. ಆದರೂ ಹೆಸರಿಗಿಂತ ಮಕ್ಕಳು ದೊಡ್ಡವರು. ದಾವೀದನು ಸಾಮಗ್ರಿಗಳನ್ನು ಕೂಡಿಸಿ ಸೊಲೊಮೋನನಿಗೆ ಒಪ್ಪಿಸಿದಂತೆ, ಅಮ್ಮನವರು 1890ರಲ್ಲಿ ತಮ್ಮ ಕೆಲಸವನ್ನೆಲ್ಲಾ ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಗೆ ಒಪ್ಪಿಸಿದರು. ಆ ಮಿಷನ್ನಿನವರು ಅನಾಥಶಾಲೆಯನ್ನು ನಡಿಸಿ, ಹುಡುಗರಿಗೆ ಕೈಕಸುಬನ್ನು ಕಲಿಸಿದರು. ಬೋಧಕರೂ ಉಪಾಧ್ಯಾಯರೂ ಸುತ್ತಣ ಹಳ್ಳಿಗಳಿಗೆ ನಡೆದರು. 1910ರಲ್ಲಿ ಕೋಲಾರದಲ್ಲಿ ಎಲೆನ್ ಥೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆಯೂ ಏರ್ಪಟ್ಟಿತು. ಒಬ್ಬ ಸ್ತ್ರೀಯು ತೆರೆದ ಬಾಗಿಲಿನಿಂದ ಎಷ್ಟು ಜನರು ಒಳಗೆ ಬಂದರು, ನೋಡಿರಿ!

ಪ್ರಿಯರೇ, ನಿಮ್ಮ ಊರಿನಲ್ಲಿಯೂ ತಾಯಿಯಿಲ್ಲದ ಕೂಸು, ಶಾಲೆಗೆ ಹೋಗದೆ ದನ ಕಾಯುವ ಹುಡುಗನು ಇರಬಹುದು. ಅಡಿಗೆಗೆ ರಾಗಿಯನ್ನು ಅಳೆಯುವಾಗ ಅಂಥವರಿಗಾಗಿ ಒಂದು ಹಿಡಿಯನ್ನು ಪ್ರತ್ಯೇಕವಾಗಿಡಿರಿ. ಸಭೆಯ ಹಿರಿಯರು ಅಂಥ ಮಕ್ಕಳ ಹೆಸರುಗಳನ್ನು ಬರೆದುಕೊಂಡು ಅವರನ್ನು ಶಾಲೆಗೆ ಸೇರಿಸಲಿ. ಚಿಕ್ಕ ಮಕ್ಕಳನ್ನು ಅಪ್ಪಿಕೊಂಡು ಆಶೀರ್ವದಿಸಿದ ಕರ್ತನು ಈ ಕೆಲಸಕ್ಕಾಗಿ ನಮಗೆ ಮನಸ್ಸನ್ನೂ ಬಲವನ್ನೂ ಕೊಡಲಿ. ಆಮೆನ್.