ಆಕಾಶದ ಚಿತ್ರಗಾರ ಡಾ. ವೈನು ಬಪ್ಪು

ಹೊಟ್ಟೆಪಾಡಿಗಾಗಿ ಹುಟ್ಟೂರು ಬಿಟ್ಟು ಬಂದವರಿಗೆ ಹೊಸ ಊರಿನಲ್ಲಿ ನೆಲ ಹೊಸದು, ನೀರು ಹೊಸದು, ನೆರೆಹೊರೆಯ ಮಾತೂ ಹೊಸದು. ಆಕಾಶವೊಂದೇ ಹಳೆಯದು. ಧಾರವಾಡದ ಅಂಗಳದಲ್ಲಿ ಕಂಡ ಚಂದ್ರನೇ ಗೋದಾವರಿ ತೀರದ ನಾಸಿಕದಲ್ಲೂ ಮೂಡುತ್ತಾನೆ. ಕಲಬುರಗಿಯಲ್ಲಿ ಕಂಡ ಗುರುಗ್ರಹವೇ ಛತ್ರಪತಿ ಸಂಭಾಜಿನಗರದ ಮಾಳಿಗೆಯ ಮೇಲೂ ಬೆಳಗುತ್ತದೆ. ಈ ಆಕಾಶವನ್ನೇ ತನ್ನ ಊರೆಂದು ತಿಳಿದು, ಅದರ ಚಿತ್ರ ಹಿಡಿಯುವುದಕ್ಕಾಗಿ ಬಾಳನ್ನೇ ಸವೆಸಿದ ಮಹನೀಯರೊಬ್ಬರ ಚರಿತ್ರೆಯನ್ನು ರಾಜ್ಯೋತ್ಸವದ ಈ ಸಂದರ್ಭದಲ್ಲಿ ಸ್ಮರಿಸುವುದು ಉಚಿತವಾಗಿದೆ. ಅವರೇ ಡಾ. ಮನಾಲಿ ಕಲ್ಲಟ್ ವೈನು ಬಪ್ಪು.

ಬಪ್ಪು ಅವರು 1927ನೆಯ ಇಸವಿ ಆಗಸ್ಟ್ 10ರಂದು ಮದರಾಸಿನಲ್ಲಿ ಜನಿಸಿದರು. ಮನೆತನ ಉತ್ತರ ಕೇರಳದ್ದು, ಬೆಳೆದದ್ದು ಹೈದರಾಬಾದಿನಲ್ಲಿ. ತಂದೆಯವರು ಅಲ್ಲಿಯ ನಿಜಾಮಿಯಾ ವೇಧಶಾಲೆಯಲ್ಲಿ ಸಹಾಯಕರಾಗಿದ್ದರು. ಆ ಕಾಲದಲ್ಲಿ ನಮ್ಮ ಕಲಬುರಗಿ, ರಾಯಚೂರು, ಬೀದರಗಳೂ ಇಂದಿನ ಸಂಭಾಜಿನಗರವೂ ಒಂದೇ ನಿಜಾಮ ಸಂಸ್ಥಾನದಲ್ಲಿ ಸೇರಿದ್ದವು. 1956ರ ನವೆಂಬರ್ 1ರಂದು, ಎಂದರೆ ನಾವು ಆಚರಿಸುವ ಈ ಶುಭದಿನದಂದೇ, ಕನ್ನಡ ಜಿಲ್ಲೆಗಳು ಮೈಸೂರಿಗೂ ಮರಾಠವಾಡವು ಮುಂಬಯಿ ರಾಜ್ಯಕ್ಕೂ ಸೇರಿದವು. ಆ ಹಳೆಯ ಸಂಸ್ಥಾನದ ವೇಧಶಾಲೆಯು ಇಡೀ ಆಕಾಶವನ್ನು ಛಾಯಾಚಿತ್ರಗಳಲ್ಲಿ ಹಿಡಿಯುವ ಅಂತರರಾಷ್ಟ್ರೀಯ ಯೋಜನೆಯಲ್ಲಿ ಪಾಲು ಪಡೆದಿತ್ತು. ಪ್ಯಾರಿಸ್ಸಿನಲ್ಲಿ 1887ರಲ್ಲಿ ಆರಂಭವಾದ ಆ ಯೋಜನೆಗಾಗಿ ಹೈದರಾಬಾದಿನವರು ಲಕ್ಷಗಟ್ಟಲೆ ತಾರೆಗಳ ಸ್ಥಾನವನ್ನು ಅಳೆದರು. ಬಾಲಕ ಬಪ್ಪು ಬೆಳೆದದ್ದು ಇಂತಹ ದುಡಿಮೆಯ ನೆರಳಿನಲ್ಲಿ.

ಆಕಾಶದ ಚಿತ್ರ ತೆಗೆಯುವುದರಲ್ಲಿ ಅಂತಹ ವಿಶೇಷವೇನು ಎಂದು ವಾಚಕರು ಕೇಳಬಹುದು. ನಮ್ಮ ಕಣ್ಣು ಬೆಳಕನ್ನು ಕೂಡಿಡಲಾರದು. ಕ್ಷಣದ ಬೆಳಕನ್ನು ಆ ಕ್ಷಣವೇ ಖರ್ಚು ಮಾಡಿಬಿಡುತ್ತದೆ. ಬೆಳ್ಳಿಯ ಲವಣ ಸವರಿದ ಗಾಜಿನ ಫಲಕವಾದರೋ ಗಂಟೆಗಟ್ಟಲೆ ಬಿದ್ದ ಬೆಳಕನ್ನು ಕಾಸಿಗೆ ಕಾಸು ಸೇರಿಸಿದಂತೆ ಜಮಾ ಮಾಡುತ್ತದೆ. ಕಣ್ಣಿಗೆ ಕಾಣದ ಮಂದ ತಾರೆಯೂ ಅದರಲ್ಲಿ ಚುಕ್ಕೆಯಾಗಿ ಮೂಡುತ್ತದೆ. ಆದರೆ ಭೂಮಿ ತಿರುಗುತ್ತಿರುವುದರಿಂದ ಅಷ್ಟು ಹೊತ್ತೂ ದೂರದರ್ಶಕವು ತಾರೆಯನ್ನು ಹಿಂಬಾಲಿಸುತ್ತಲೇ ಇರಬೇಕು. ತಪ್ಪಿದರೆ ಚುಕ್ಕೆ ಗೆರೆಯಾಗುತ್ತದೆ. ಚಂದ್ರನಿಗೂ ಗ್ರಹಗಳಿಗೂ ಬೆಳಕಿನ ಕೊರತೆಯಿಲ್ಲ, ಅಲ್ಲಿ ಅಡ್ಡಿ ಮಾಡುವುದು ನಮ್ಮ ತಲೆಯ ಮೇಲಿನ ಗಾಳಿಯ ನಡುಕ. ಚಂದ್ರನ ಬೆಟ್ಟ ಕುಳಿಗಳ ಚಿತ್ರಕ್ಕಂತೂ ಹುಣ್ಣಿಮೆಗಿಂತ ಅಷ್ಟಮಿಯೇ ಲೇಸು. ಓರೆಯಾಗಿ ಬಿದ್ದ ಬಿಸಿಲಿನಲ್ಲಿ ನೆರಳು ಉದ್ದವಾಗಿ, ಏರುತಗ್ಗುಗಳು ಎದ್ದು ಕಾಣುತ್ತವೆ.

ಹೈದರಾಬಾದ್ ಸರಕಾರದ ವಿದ್ಯಾರ್ಥಿವೇತನ ಪಡೆದು ಬಪ್ಪು ಅಮೇರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ 1949ರ ಜುಲೈ 2ರ ರಾತ್ರಿ ತೆಗೆದ ಫಲಕವೊಂದರಲ್ಲಿ, ನಕ್ಷೆಯಲ್ಲಿಲ್ಲದ ಮಸುಕು ಆಕೃತಿಯೊಂದು ಕಂಡಿತು. ನಮ್ಮ ಬ್ಯಾಂಕುಗಳಲ್ಲಿ ಚೆಕ್ಕಿನ ರುಜುವನ್ನು ಮಾದರಿ ರುಜುವಿನೊಂದಿಗೆ ತಾಳೆ ನೋಡುವಂತೆ, ಆಕಾಶದ ಫಲಕವನ್ನೂ ತಾಳೆ ನೋಡಿದಾಗಲೇ ಹೊಸತು ಬಯಲಾಗುವುದು. ಅದು ಹೊಸ ಧೂಮಕೇತುವಾಗಿತ್ತು! ಬಪ್ಪು, ಅವರ ಗುರುಗಳಾದ ಬಾರ್ಟ್ ಬಾಕ್ ಮತ್ತು ಸಹಪಾಠಿ ನ್ಯೂಕರ್ಕ್ ಈ ಮೂವರ ಹೆಸರನ್ನೇ ಅದಕ್ಕೆ ಇಟ್ಟರು. ಆಗ ಬಪ್ಪು ಅವರಿಗೆ ಇಪ್ಪತ್ತೆರಡು ತುಂಬಿರಲಿಲ್ಲ.

ಪದವಿ ಪಡೆದು, ಜಗತ್ಪ್ರಸಿದ್ಧ ಪಾಲೋಮಾರ್ ವೇಧಶಾಲೆಯಲ್ಲಿ ದುಡಿದರು. ತಾರೆಯ ಬೆಳಕಿನಲ್ಲಿನ ಕ್ಯಾಲ್ಸಿಯಮ್ ರೇಖೆಯ ಅಗಲದಿಂದ ಅದರ ನಿಜವಾದ ಪ್ರಕಾಶವನ್ನು ತಿಳಿಯುವ ವಿಧಾನವನ್ನು ಓಲಿನ್ ವಿಲ್ಸನ್‌ರೊಡನೆ ಕಂಡುಹಿಡಿದರು. 1957ರಲ್ಲಿ ಪ್ರಕಟವಾದ ಅದು ಇಂದಿಗೂ ಇಬ್ಬರ ಹೆಸರಿನಲ್ಲಿದೆ. ಅಷ್ಟು ಹೊತ್ತಿಗೆ ಅವರು ಸ್ವದೇಶಕ್ಕೆ ಮರಳಿಯಾಗಿತ್ತು. ಅಲ್ಲಿ ದೊಡ್ಡ ದೂರದರ್ಶಕಗಳಿದ್ದವು. ಇಲ್ಲಿ ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಿತ್ತು. ಅವರು ಕಟ್ಟುವ ಕೆಲಸವನ್ನೇ ಆರಿಸಿಕೊಂಡರು. ಉತ್ತರ ಪ್ರದೇಶದ ವೇಧಶಾಲೆಯನ್ನು ಕಾಶಿಯಿಂದ ನೈನಿತಾಲದ ಬೆಟ್ಟಕ್ಕೆ ಸಾಗಿಸಿದರು. 1960ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ಕೊಡೈಕನಾಲ್ ವೇಧಶಾಲೆಯ ನಿರ್ದೇಶಕರಾದರು. ಅಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಸೂರ್ಯನ ಚಿತ್ರವನ್ನು ದಿನವಹಿ ಬರೆಯುವಂತೆ ತೆಗೆಯುತ್ತ ಬಂದಿದ್ದರು.

ಆದರೆ ರಾತ್ರಿಯ ಆಕಾಶಕ್ಕೆ ಬೇರೆಯೇ ಸ್ಥಳ ಬೇಕಿತ್ತು. ತಮಿಳುನಾಡಿನ ಜವ್ವಾದಿ ಗುಡ್ಡಗಳಲ್ಲಿ, ಪಟ್ಟಣದ ದೀಪ ಮುಟ್ಟದ ಕಾವಲೂರೆಂಬ ಪುಟ್ಟ ಹಳ್ಳಿಯನ್ನು ಅವರು ಆಯ್ದರು. ಭೂಮಧ್ಯರೇಖೆಗೆ ಹತ್ತಿರವಾದ್ದರಿಂದ ಅಲ್ಲಿಂದ ದಕ್ಷಿಣದ ಆಕಾಶವೂ ಬಹುಪಾಲು ಕಾಣುತ್ತದೆ. ಕೊಡೈಕನಾಲಿನ ಕಾರ್ಯಾಗಾರದಲ್ಲೇ ತಯಾರಾದ 38 ಸೆಂಟಿಮೀಟರಿನ ದೂರದರ್ಶಕದಿಂದ 1968ರಲ್ಲಿ ಅಲ್ಲಿ ಕೆಲಸ ಮೊದಲಾಯಿತು. 1972ರಲ್ಲಿ ಒಂದು ಮೀಟರಿನದು ಬಂತು. ಅದೇ ವರ್ಷ ಜೂನ್ 7ರಂದು ಗುರುವಿನ ಚಂದ್ರನಾದ ಗ್ಯಾನಿಮೀಡ್ ತಾರೆಯೊಂದನ್ನು ಮರೆಮಾಡಿದಾಗ ಕಾವಲೂರಿನವರು ಅದರ ಬೆಳಕನ್ನು ಅಳೆದರು. ಆ ಚಂದ್ರನಿಗೂ ತೆಳುವಾದ ವಾಯುವಿನ ಹೊದಿಕೆ ಇರಬಹುದೆಂಬ ಸೂಚನೆ ಸಿಕ್ಕಿತು. ಹೊದಿಕೆ ಅತ್ಯಂತ ತೆಳುವಾದುದೆಂದು ಮುಂದೆ ತಿಳಿಯಿತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹದ ಸುತ್ತ ಉಂಗುರಗಳಿರುವುದನ್ನು ಅಮೇರಿಕದ ತಂಡ ಕಂಡಾಗ, ಅದಕ್ಕೆ ಸಂಬಂಧಿಸಿದ ಅವಲೋಕನ ಕಾವಲೂರಿನಲ್ಲಿಯೂ ನಡೆದಿತ್ತು.

1971ರಲ್ಲಿ ಕೊಡೈಕನಾಲಿನ ಸಂಸ್ಥೆಯು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಎಂಬ ಸ್ವಾಯತ್ತ ಸಂಸ್ಥೆಯಾಗಿ, ಕೆಲವೇ ವರ್ಷಗಳಲ್ಲಿ ಬೆಂಗಳೂರಿನಲ್ಲಿ ನೆಲೆಯೂರಿತು. ಹೀಗೆ ಕನ್ನಡದ ನೆಲವು ಬಪ್ಪು ಅವರ ಕರ್ಮಭೂಮಿಯಾಯಿತು. ನಮ್ಮ ದೇಶದಲ್ಲೇ ದೊಡ್ಡ ದೂರದರ್ಶಕವೊಂದನ್ನು ತಯಾರಿಸಬೇಕೆಂಬುದು ಅವರ ಬಹುದಿನದ ಹಂಬಲ. 2.34 ಮೀಟರ್ ಅಗಲದ ಅದರ ದರ್ಪಣವನ್ನು ಬೆಂಗಳೂರಿನಲ್ಲಿ ಅರೆದು ನಯಗೊಳಿಸಿದರು, ಅದನ್ನು ಹೊರುವ ಭಾರಿ ಉಕ್ಕಿನ ಚೌಕಟ್ಟು ಮಹಾರಾಷ್ಟ್ರದ ವಾಲಚಂದನಗರದ ಕಾರಖಾನೆಯಲ್ಲಿ ಸಿದ್ಧವಾಯಿತು, ನಿಂತದ್ದು ತಮಿಳುನಾಡಿನಲ್ಲಿ. ಆದರೆ ಅದರ ಮೊದಲ ನೋಟ ಅವರ ಪಾಲಿಗೆ ಇರಲಿಲ್ಲ. ಅಂತರರಾಷ್ಟ್ರೀಯ ಖಗೋಳ ಸಂಘದ ಅಧ್ಯಕ್ಷರಾಗಿದ್ದಾಗಲೇ, 1982ರ ಆಗಸ್ಟ್ 19ರಂದು, ಜರ್ಮನಿಯ ಮ್ಯೂನಿಕ್ ನಗರದಲ್ಲಿ ಅವರು ತೀರಿಕೊಂಡರು. ವಯಸ್ಸು ಐವತ್ತೈದು. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿಯವರು ಆ ವೇಧಶಾಲೆಗೂ ದೂರದರ್ಶಕಕ್ಕೂ ವೈನು ಬಪ್ಪು ಅವರ ಹೆಸರನ್ನಿಟ್ಟರು.

ಹುಟ್ಟಿದ್ದು ಒಂದೆಡೆ, ಬೆಳೆದದ್ದು ಒಂದೆಡೆ, ದುಡಿದದ್ದು ನಾಲ್ಕು ಕಡೆ. ಇವರನ್ನು ಯಾವ ಊರಿನವರೆನ್ನೋಣ? ನಮ್ಮ ಮಕ್ಕಳೂ ಈ ಪ್ರಶ್ನೆಯನ್ನು ತಮ್ಮ ಬಗ್ಗೆ ಕೇಳಿಕೊಳ್ಳುವುದುಂಟು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಊರು ಯಾವುದೆಂದರೆ ತಡವರಿಸುತ್ತಾರೆ. ಬಪ್ಪು ಅವರ ಬಾಳೇ ಅದಕ್ಕೆ ಉತ್ತರವಾಗಿ ನಿಂತಿದೆ: ಹೋದಲ್ಲೆಲ್ಲ ಉಳಿಯುವಂತಹದನ್ನು ಕಟ್ಟಿದವನಿಗೆ ಪ್ರತಿ ಊರೂ ತವರೇ. ಇಂದು ಸಾಮಾನ್ಯ ದುರ್ಬೀನಿನಲ್ಲೂ ಗುರುವಿನ ನಾಲ್ಕು ಚಂದ್ರರನ್ನು ನೋಡಬಹುದು, ಕೈಯಲ್ಲಿನ ಫೋನಿನಲ್ಲೇ ಚಂದ್ರನ ಚಿತ್ರ ಹಿಡಿಯಬಹುದು. ಮೋಡವಿಲ್ಲದ ಒಂದು ರಾತ್ರಿ ಮಕ್ಕಳನ್ನು ಮಾಳಿಗೆಗೆ ಕರೆದೊಯ್ದು ಅವನ್ನು ತೋರಿಸಿರಿ. ಆ ನಾಲ್ಕರಲ್ಲಿ ಎಲ್ಲಕ್ಕೂ ದೊಡ್ಡದು ಗ್ಯಾನಿಮೀಡ್ ಎಂದೂ, ಅದರ ಗುಟ್ಟನ್ನು ಅರಸಿದವರಲ್ಲಿ ಬಪ್ಪು ಕಟ್ಟಿದ ಕಾವಲೂರಿನವರೂ ಇದ್ದರೆಂದೂ ಕನ್ನಡದಲ್ಲಿ ಹೇಳಿರಿ.