ಗ್ರೇಸ್ ಹಾಪರ್: ಯಂತ್ರಕ್ಕೆ ನಮ್ಮ ಮಾತು ಕಲಿಸಿದ ಅಜ್ಜಿ

ಪುಣೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನನ್ನದು ಟೆಸ್ಟಿಂಗ್ ಕೆಲಸ. ಬ್ಯಾಂಕು, ವಿಮೆ, ಅಂಗಡಿ ಲೆಕ್ಕದ ಪ್ರೋಗ್ರಾಮ್‌ಗಳಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ. ಆ ತಪ್ಪಿಗೆ ನಮ್ಮಲ್ಲಿ ಬಗ್ ಎನ್ನುತ್ತಾರೆ, ಹುಡುಕಿ ಸರಿಪಡಿಸುವುದಕ್ಕೆ ಡಿಬಗ್ಗಿಂಗ್. ಮಹಿಳಾ ವೇದಿಕೆಯ ಈ ಸಂಚಿಕೆಗೆ ಒಬ್ಬ ಸಾಧಕಿಯ ಪರಿಚಯ ಬರೆಯಬೇಕೆಂದಾಗ ನನಗೆ ಬೇರೆ ಹೆಸರು ಹೊಳೆಯಲೇ ಇಲ್ಲ. ನನ್ನ ವೃತ್ತಿಗೆ ಯಾರಾದರೂ ಅಜ್ಜಿ ಇದ್ದರೆ ಅದು ಗ್ರೇಸ್ ಹಾಪರ್.

ಗ್ರೇಸ್ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ಏಳು ವರ್ಷದವಳಿದ್ದಾಗ ಅಲಾರಂ ಗಡಿಯಾರ ಹೇಗೆ ಕೆಲಸ ಮಾಡುತ್ತದೆಂದು ನೋಡಲು ಮನೆಯಲ್ಲಿದ್ದ ಏಳು ಗಡಿಯಾರಗಳನ್ನು ಒಂದೊಂದಾಗಿ ಬಿಚ್ಚಿಟ್ಟಳಂತೆ. ತಾಯಿ ಹೊಡೆಯಲಿಲ್ಲ, ಇನ್ನು ಮೇಲೆ ಬಿಚ್ಚುವುದಾದರೆ ಒಂದೇ ಗಡಿಯಾರ ಎಂದು ನಿಯಮ ಮಾಡಿದರು. ವಾಸರ್ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿ, 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಅಷ್ಟರಲ್ಲಾಗಲೇ ಅವರು ವಾಸರ್‌ನಲ್ಲೇ ಪಾಠ ಹೇಳುತ್ತಿದ್ದರು.

ಎರಡನೆಯ ಮಹಾಯುದ್ಧ ಬಂದಾಗ ನೌಕಾಪಡೆ ಸೇರಲು ಹೊರಟರು. ಮೊದಲು ಒಪ್ಪಲಿಲ್ಲ: ವಯಸ್ಸು ಹೆಚ್ಚಾಯಿತು, ತೂಕ ಕಡಿಮೆಯಾಯಿತು. ಪಟ್ಟು ಬಿಡದೆ ವಿಶೇಷ ಅನುಮತಿ ಪಡೆದು, 1943ರ ಕೊನೆಯಲ್ಲಿ ಮಹಿಳಾ ಮೀಸಲು ದಳಕ್ಕೆ ಸೇರಿದರು. 1944ರಲ್ಲಿ ಅವರನ್ನು ಹಾರ್ವರ್ಡ್‌ಗೆ ಕಳುಹಿಸಿದರು. ಅಲ್ಲಿ ಹೋವರ್ಡ್ ಐಕೆನ್ ಅವರ ಮಾರ್ಕ್-1 ಎಂಬ ಯಂತ್ರ ಕಾದಿತ್ತು. 51 ಅಡಿ ಉದ್ದ, 8 ಅಡಿ ಎತ್ತರ! ಅದಕ್ಕೆ ಆಜ್ಞೆ ಕೊಡಬೇಕೆಂದರೆ ಕಾಗದದ ಪಟ್ಟಿಯಲ್ಲಿ ತೂತು ಕೊರೆಯಬೇಕಿತ್ತು. ಆ ಯಂತ್ರವನ್ನು ನಡೆಸುವ ಬಗೆಯನ್ನು ವಿವರಿಸುವ 500ಕ್ಕೂ ಹೆಚ್ಚು ಪುಟಗಳ ಕೈಪಿಡಿಯ ಬರವಣಿಗೆ ಬಹುಪಾಲು ಅವರದೇ.

ಪತಂಗದ ಕಥೆ ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. 1947ರ ಸೆಪ್ಟೆಂಬರ್ 9ರಂದು ಮಾರ್ಕ್-2 ಯಂತ್ರ ತಪ್ಪು ಮಾಡತೊಡಗಿತು. ಬಿಚ್ಚಿ ನೋಡಿದರೆ ಒಂದು ರಿಲೇ ಒಳಗೆ ಪತಂಗ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿದರು. ಆ ಪುಟ ಇಂದಿಗೂ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಹುಳ ಹಿಡಿದದ್ದು ಹಾಪರ್ ಎಂದು ಅನೇಕರು ಬರೆಯುತ್ತಾರೆ, ಅದು ನಿಜವಲ್ಲ. ಹಿಡಿದವರು ಬೇರೆ, ಊರೂರಿಗೆ ಆ ಕಥೆ ಹೇಳಿದವರು ಹಾಪರ್. ಬಗ್ ಎಂಬ ಮಾತೂ ಎಡಿಸನ್ ಕಾಲದಿಂದಲೇ ಇತ್ತು. ನನ್ನನ್ನು ಸೆಳೆಯುವುದು ಹುಳವಲ್ಲ, ಆ ಪುಸ್ತಕ. ಯಾವ ಹೊತ್ತಿಗೆ ಏನಾಯಿತು, ಯಂತ್ರದ ಯಾವ ಭಾಗದಲ್ಲಾಯಿತು ಎಂದು ಅಲ್ಲಿ ಬರೆದಿಡುತ್ತಿದ್ದರು. ಇಂದು ನಾವು ಜೀರಾದಲ್ಲೋ ಬಗ್‌ಜಿಲ್ಲಾದಲ್ಲೋ ತೆರೆಯುವ ಪ್ರತಿಯೊಂದು ಟಿಕೆಟ್ ಆ ಪುಟದ ಸಂತಾನವೇ.

ಹಾಪರ್ ಗಮನಿಸಿದ ಇನ್ನೊಂದು ಸಂಗತಿ ಇನ್ನೂ ದೊಡ್ಡದು. ಒಮ್ಮೆ ಸರಿಯಾಗಿ ಕೆಲಸ ಮಾಡಿದ ಆಜ್ಞೆಗಳನ್ನು ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಬೇಕಾದಾಗ ಒಬ್ಬರದನ್ನು ಒಬ್ಬರು ನಕಲು ಮಾಡಿಕೊಳ್ಳುತ್ತಿದ್ದರು. ನಕಲು ಮಾಡುವಾಗ ಅಕ್ಷರ ತಪ್ಪುತ್ತಿತ್ತು, ಕೂಡುವಾಗ ಅಂಕಿ ತಪ್ಪುತ್ತಿತ್ತು. ಎಷ್ಟೇ ಜಾಣರಿರಲಿ, ಈ ಎರಡು ಕೆಲಸದಲ್ಲಿ ಮನುಷ್ಯರನ್ನು ನಂಬುವಂತಿಲ್ಲ ಎಂದು ಅವರಿಗೆ ಮನವರಿಕೆಯಾಯಿತು. 1949ರಲ್ಲಿ ಫಿಲಡೆಲ್ಫಿಯಾದ ಎಕರ್ಟ್-ಮಾಚ್ಲಿ ಕಂಪನಿ ಸೇರಿದವರು, 1952ರಲ್ಲಿ ಆ ನಕಲು ಮಾಡುವ, ಜೋಡಿಸುವ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಿದರು. ಅದೇ ಎ-0 ಕಂಪೈಲರ್. ಕಂಪ್ಯೂಟರ್ ಲೆಕ್ಕ ಮಾಡುತ್ತದೆಯೇ ಹೊರತು ಪ್ರೋಗ್ರಾಮ್ ಬರೆಯಲಾರದು ಎಂದು ಜನ ಅದನ್ನು ಮುಟ್ಟಲೂ ಹಿಂಜರಿದರು. ತಪ್ಪಾದ ಮೇಲೆ ಹುಡುಕುವುದು ಒಂದು ವಿದ್ಯೆ, ತಪ್ಪು ಹುಟ್ಟುವ ಜಾಗವನ್ನೇ ಮುಚ್ಚುವುದು ಇನ್ನೊಂದು. ಎರಡನೆಯದಕ್ಕೆ ದಾರಿ ತೋರಿದವರಲ್ಲಿ ಹಾಪರ್ ಮೊದಲಿಗರು.

ಆಮೇಲೆ ಅವರ ಗಮನ ವ್ಯಾಪಾರದ ಕಡೆ ಹರಿಯಿತು. ಸಂಬಳ, ದಾಸ್ತಾನು, ಬಿಲ್ಲು ನೋಡುವವರಿಗೆ ಗಣಿತದ ಚಿಹ್ನೆಗಳೆಂದರೆ ದೂರ. ಅವರು ದಿನವೂ ಬಳಸುವ ಪದಗಳಲ್ಲೇ ಆಜ್ಞೆ ಇರಲಿ ಎಂದು ಹಾಪರ್ ಫ್ಲೋ-ಮ್ಯಾಟಿಕ್ ಎಂಬ ಭಾಷೆ ರೂಪಿಸಿದರು. ಮೇಲಧಿಕಾರಿಗಳಿಗೆ ತೋರಿಸುವಾಗ ಅದೇ ಪ್ರೋಗ್ರಾಮನ್ನು ಇಂಗ್ಲಿಷಿನಲ್ಲಷ್ಟೇ ಅಲ್ಲ, ಫ್ರೆಂಚ್ ಮತ್ತು ಜರ್ಮನ್‌ನಲ್ಲೂ ನಡೆಸಿ ತೋರಿಸಿದರು. ಪದ ಯಾವ ಭಾಷೆಯದಾದರೇನು, ಯಂತ್ರಕ್ಕೆ ಅದೊಂದು ಗುರುತು ಅಷ್ಟೇ. ಅಧಿಕಾರಿಗಳು ಮೆಚ್ಚುವುದಿರಲಿ, ಗಾಬರಿಯಾದರು! ಅಮೆರಿಕದ ಯಂತ್ರ ಪರಭಾಷೆ ಮಾತಾಡುವುದೆಂದರೇನು? ಹೊರನಾಡಿನಲ್ಲಿ ಕುಳಿತು ಕನ್ನಡ ಉಳಿಸಿಕೊಳ್ಳುವ ನಮಗೆ ಈ ಪ್ರಸಂಗ ಓದಿದಾಗ ನಗುವೂ ಬರುತ್ತದೆ, ಯೋಚನೆಯೂ ಹುಟ್ಟುತ್ತದೆ. ಅಡ್ಡಿಯಾಗಿದ್ದದ್ದು ಯಂತ್ರವಲ್ಲ, ಮನಸ್ಸು.

ಫ್ಲೋ-ಮ್ಯಾಟಿಕ್ ಬುನಾದಿಯ ಮೇಲೆಯೇ 1959ರಲ್ಲಿ ಕೋಬಾಲ್ ಭಾಷೆಯ ಕೆಲಸ ಆರಂಭವಾಯಿತು. ಅದನ್ನು ಕಟ್ಟಿದ್ದು ಒಂದು ಸಮಿತಿ, ಹಾಪರ್ ಅದಕ್ಕೆ ಸಲಹೆಗಾರ್ತಿ. ಇಂದಿಗೂ ಎಷ್ಟೋ ಬ್ಯಾಂಕುಗಳ ಹಳೆಯ ಲೆಕ್ಕ ಅದರಲ್ಲೇ ನಡೆಯುತ್ತದೆ. 1966ರಲ್ಲಿ ನೌಕಾಪಡೆ ಅವರಿಗೆ ನಿವೃತ್ತಿ ಕೊಟ್ಟು, ಮರುವರ್ಷ ಆರು ತಿಂಗಳಿಗೆಂದು ವಾಪಸ್ ಕರೆಯಿತು. ಆ ಆರು ತಿಂಗಳು ಬೆಳೆದು ಹತ್ತೊಂಬತ್ತು ವರ್ಷವಾಯಿತು! ಬೇರೆ ಬೇರೆ ಕಂಪನಿಗಳ ಕೋಬಾಲ್ ಒಂದೇ ರೀತಿ ನಡೆಯುತ್ತದೆಯೇ ಎಂದು ಪರೀಕ್ಷಿಸುವ ಪ್ರೋಗ್ರಾಮ್‌ಗಳನ್ನು ಅವರ ತಂಡ ಸಿದ್ಧಪಡಿಸಿತು. ಇಂದು ನಾವು ಒಂದು ಗುಂಡಿ ಒತ್ತಿ ರಾತ್ರಿಯಿಡೀ ಓಡಿಸುವ ಸ್ವಯಂಚಾಲಿತ ಪರೀಕ್ಷೆಗಳ ಹಿಂದೆಯೂ ಇದೇ ವಿಚಾರ ಇದೆ.

1986ರಲ್ಲಿ ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದಾಗ ಅವರಿಗೆ 79 ವರ್ಷ. ಮನೆಯಲ್ಲಿ ಕೂರದೆ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಗೆ ಸಲಹೆಗಾರ್ತಿಯಾದರು. ಹಿಂದಿನಿಂದ ಹೀಗೇ ನಡೆದುಬಂದಿದೆ ಎನ್ನುವವರನ್ನು ಕಂಡರೆ ಅವರಿಗಾಗದು. ತಮ್ಮ ಕೋಣೆಯಲ್ಲಿ ಹಿಮ್ಮುಖವಾಗಿ ತಿರುಗುವ ಗಡಿಯಾರ ತೂಗುಹಾಕಿದ್ದರು. 1992ರ ಜನವರಿ 1ರಂದು ತೀರಿಕೊಂಡರು. 2016ರಲ್ಲಿ ಅಮೆರಿಕ ಅವರಿಗೆ ಮರಣೋತ್ತರವಾಗಿ ತನ್ನ ಅತ್ಯುನ್ನತ ನಾಗರಿಕ ಗೌರವ ನೀಡಿತು.

ನಮ್ಮ ಸಂಘದ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಈಗ ಈ ಕ್ಷೇತ್ರಕ್ಕೆ ಬರುತ್ತಿದ್ದಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಬಗ್ ಬಂದರೆ ತಮ್ಮ ಮಾನವೇ ಹೋಯಿತೆಂದು ಅದನ್ನು ಮುಚ್ಚಿಡುವವರನ್ನು ನಾನು ದಿನವೂ ನೋಡುತ್ತೇನೆ. ಉಪಕರಣಗಳು ವರ್ಷಕ್ಕೊಂದು ಬದಲಾಗುತ್ತವೆ, ಇನ್ನು ಕೃತಕ ಬುದ್ಧಿಮತ್ತೆಯ ಸರದಿ. ಆದರೆ ಬರೆದಿಡದ ತಪ್ಪನ್ನು ಯಾವ ಉಪಕರಣವೂ ಸರಿಪಡಿಸಲಾರದು. ಯಾರು ಮಾಡಿದ್ದು ಎಂದು ಕೇಳುವ ಮೊದಲು ಎಲ್ಲಿ ಆಯಿತು ಎಂದು ಕೇಳೋಣ. ಪತಂಗವನ್ನು ಗುಡಿಸಿ ಎಸೆಯದೆ ಎಲ್ಲರಿಗೂ ಕಾಣುವಂತೆ ಪುಸ್ತಕದಲ್ಲಿ ಅಂಟಿಸಿಟ್ಟರಲ್ಲ, ನಮ್ಮ ಹುಡುಗಿಯರಿಗೆ ಆ ಧೈರ್ಯ ಬರಲಿ.